ಮನೆಯ ಪಾಠಕ್ಕೆ ಪುಸ್ತಕದಲ್ಲಿ ಜಾಗವೆಲ್ಲಿ?

ಮನೆಯೇ ಮೊದಲ ಪಾಠಶಾಲೆ ಎಂಬ ಮಾತನ್ನು ಶಾಲಾ ವಾರ್ಷಿಕೋತ್ಸವಗಳಲ್ಲಿ, ಮದರಸದ ಸಮಾರಂಭಗಳಲ್ಲಿ, ಮಹಿಳಾ ಸಮಾವೇಶಗಳಲ್ಲಿ ಕೇಳಿ ಕೇಳಿ ಅದರ ಅರ್ಥವೇ ಸವೆದುಹೋಗಿದೆ. ಹೇಳುವವರು ಹೇಳಿ ವೇದಿಕೆಯಿಂದ ಇಳಿಯುತ್ತಾರೆ. ಕೇಳಿದ ತಾಯಂದಿರು ಮನೆಗೆ ಬಂದು ಮಗುವನ್ನು ಟ್ಯೂಷನ್‌ಗೆ ಕಳಿಸುತ್ತಾರೆ. ಮನೆ ನಿಜವಾಗಿಯೂ ಶಾಲೆಯಾಗಿದ್ದರೆ ಅಲ್ಲಿನ ಪಾಠ ಯಾವುದು, ಉಪಕರಣ ಯಾವುದು, ಅಲ್ಲಿ ಕಲಿಸುವವರು ಯಾರು ಎಂದು ಯಾರೂ ಕೇಳುವುದಿಲ್ಲ. ಶಿಕ್ಷಣದ ಬಗ್ಗೆ ನಾವು ಮೆಚ್ಚಿ ಓದಿದ ಪುಸ್ತಕಗಳೂ ಈ ಪ್ರಶ್ನೆಯನ್ನು ಅಷ್ಟಾಗಿ ಕೇಳಿಲ್ಲ ಎಂಬುದು ಈ ಲೇಖನದ ತಕರಾರು.

ಕೈಯಿಂದ ಮಾಡಿ ಕಲಿಯುವ ಶಿಕ್ಷಣದ ಚರ್ಚೆ ಬಂದಾಗಲೆಲ್ಲ ನಮ್ಮಲ್ಲಿ ಮೂರು ಹೆಸರುಗಳು ಮುಂದೆ ಬರುತ್ತವೆ. ಜಪಾನಿನ ತೆತ್ಸುಕೊ ಕುರೊಯಾನಗಿ ಅವರ ‘ತೊತ್ತೋಚಾನ್’, ಗುಜರಾತಿನ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’, ಮತ್ತು ಡಾ. ಝಾಕಿರ್ ಹುಸೈನ್ ಅಧ್ಯಕ್ಷತೆಯ ಸಮಿತಿ ರೂಪಿಸಿದ ವಾರ್ಧಾ ಶಿಕ್ಷಣ ಯೋಜನೆ. ಮೂರೂ ದೊಡ್ಡ ಕೆಲಸಗಳು. ಅವುಗಳನ್ನು ಟೋಕಿಯೋ, ಭಾವನಗರ, ವಾರ್ಧಾಗಳಿಂದ ಎತ್ತಿ ತಂದು ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡುಗಳ ಮನೆಯಂಗಳದಲ್ಲಿ ಇಟ್ಟು ಓದಿದರೆ ಏನು ಉಳಿಯುತ್ತದೆ, ಏನು ಸಾಲದಾಗುತ್ತದೆ ಎಂಬುದನ್ನು ನೋಡಬೇಕು. ಈ ಮೂರು ಊರುಗಳು ಶಾಲಾ ಪ್ರವಾಸದ ಪಟ್ಟಿಯಲ್ಲಿ ಹಾದುಹೋಗುವ ಊರುಗಳು. ಅಲ್ಲೇ ಹುಟ್ಟಿ ಬೆಳೆಯುವ ಮಗುವಿಗೆ ಅವು ಏನು ಕಲಿಸುತ್ತವೆ ಎಂಬುದು ಬೇರೆಯೇ ವಿಷಯ.

ಮೊದಲು ‘ತೊತ್ತೋಚಾನ್’. 1981ರಲ್ಲಿ ಜಪಾನಿನಲ್ಲಿ ಪುಸ್ತಕವಾಗಿ ಬಂದ ಈ ಕೃತಿಯನ್ನು ನ್ಯಾಷನಲ್ ಬುಕ್ ಟ್ರಸ್ಟ್ ಭಾರತದ ಹಲವು ಭಾಷೆಗಳಿಗೆ ತಂದಿತು, ಕನ್ನಡಕ್ಕೂ ಬಂತು. ಒಂದನೇ ತರಗತಿಯಲ್ಲೇ ಶಾಲೆಯಿಂದ ಹೊರಹಾಕಲ್ಪಟ್ಟ ಹುಡುಗಿ, ಹಳೆಯ ರೈಲು ಬೋಗಿಗಳನ್ನೇ ತರಗತಿ ಮಾಡಿಕೊಂಡ ‘ತೊಮೊಯೆ’ ಶಾಲೆಗೆ ಸೇರುತ್ತಾಳೆ. ಮುಖ್ಯೋಪಾಧ್ಯಾಯ ಕೊಬಾಯಾಶಿ ಮೊದಲ ದಿನ ಗಂಟೆಗಟ್ಟಲೆ ಅವಳ ಮಾತು ಕೇಳುತ್ತಾರೆ. ಊಟದ ಡಬ್ಬಿಯಲ್ಲಿ ಸಮುದ್ರದ್ದೊಂದು, ಬೆಟ್ಟದ್ದೊಂದು ಇರಬೇಕೆಂಬ ಅವರ ನಿಯಮ ನಮ್ಮ ಶಿಕ್ಷಕರ ತರಬೇತಿಗಳಲ್ಲಿ ಇಂದಿಗೂ ಉದಾಹರಣೆಯಾಗಿ ಬರುತ್ತದೆ. 1945ರ ಬಾಂಬ್ ದಾಳಿಯಲ್ಲಿ ಆ ಶಾಲೆ ಸುಟ್ಟುಹೋಯಿತು. ಪುಸ್ತಕ ಓದಿದವರೆಲ್ಲ ಕೊಬಾಯಾಶಿಯವರನ್ನು ನೆನೆಯುತ್ತಾರೆ.

ಆದರೆ ಅದೇ ಪುಸ್ತಕದಲ್ಲಿ ಇನ್ನೊಬ್ಬ ಶಿಕ್ಷಕಿ ಇದ್ದಾಳೆ. ಅದು ತೊತ್ತೋಚಾನಳ ತಾಯಿ. ಮಗಳನ್ನು ಶಾಲೆಯಿಂದ ಹೊರಹಾಕಿದ ಸಂಗತಿಯನ್ನು ಆಕೆ ಮಗಳಿಗೆ ಇಪ್ಪತ್ತು ವರ್ಷ ತುಂಬುವವರೆಗೂ ಹೇಳಲಿಲ್ಲ. ಹೊಸ ಶಾಲೆಯೊಂದನ್ನು ನೋಡೋಣವೇ ಎಂದು ಕೇಳಿದಳು, ಅಷ್ಟೆ. ಬೇಲಿಯಡಿ ನುಸುಳಿ ಬಟ್ಟೆ ಹರಿದುಕೊಂಡು ಬಂದ ಮಗು ಯಾರೋ ಚಾಕು ಎಸೆದರು ಎಂದು ಕಥೆ ಕಟ್ಟಿದಾಗ, ಸುಳ್ಳೆಂದು ತಿಳಿದೂ ಗದರಲಿಲ್ಲ. ಒಂದು ಮಗುವಿನ ಆತ್ಮಗೌರವವನ್ನು ಉಳಿಸಿದ್ದು ಈ ಮೌನ. ತಾಯಿ ಹಾಗೆ ನಡೆದುಕೊಳ್ಳದೆ ಹೋಗಿದ್ದರೆ ಆ ಮಗು ತಾನು ಕೆಟ್ಟವಳು ಎಂಬ ಹೊರೆಯನ್ನು ಹೊತ್ತೇ ತೊಮೊಯೆಯ ಬಾಗಿಲಿಗೆ ಬರುತ್ತಿತ್ತು. ಆದರೂ ನಮ್ಮ ಚರ್ಚೆಗಳಲ್ಲಿ ಆ ಪುಸ್ತಕವೆಂದರೆ ಶಾಲೆಯ ಪುಸ್ತಕ. ಲೇಖಕಿಯೂ ಅದನ್ನು ಗುರುವಿಗೆ ಸಲ್ಲಿಸಿದ ನಮನವಾಗಿ ಬರೆದರೇ ಹೊರತು ಮನೆಯ ಕಥೆಯಾಗಿ ಅಲ್ಲ. ತಾಯಿಯ ಕೆಲಸ ಅಲ್ಲಿ ಹಿನ್ನೆಲೆಯ ಬೆಳಕಿನಂತಿದೆ.

ಅರಸೀಕೆರೆಯ ಮಗುವಿಗೆ ರೈಲು ಬೋಗಿ ಜಪಾನಿನ ಅದ್ಭುತವೇನಲ್ಲ. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಹಾಸನ, ಮಂಗಳೂರಿನ ಕಡೆಗೆ ಕವಲೊಡೆಯುವ ಜಂಕ್ಷನ್ ಅದು. ಯಾವ ಗಾಡಿ ಯಾವ ದಿಕ್ಕಿಗೆ, ಎಷ್ಟು ಹೊತ್ತಿಗೆ, ಎಷ್ಟು ತಡ ಎಂದು ಅಲ್ಲಿನ ಮಕ್ಕಳು ಕಿವಿಯಿಂದಲೇ ಹೇಳಬಲ್ಲರು. ಭೂಗೋಳ, ಗಡಿಯಾರ, ಕೂಡು-ಕಳೆ ಎಲ್ಲವೂ ಆ ಸದ್ದಿನಲ್ಲಿದೆ. ಆದರೆ ಅದು ಪಾಠ ಎಂದು ಯಾರೂ ಎಣಿಸುವುದಿಲ್ಲ. ಜಪಾನಿನ ಬೋಗಿಯನ್ನು ಓದಿ ಕಣ್ಣರಳಿಸುವ ನಾವು ನಮ್ಮ ಬೋಗಿಯನ್ನು ನೋಡುವುದಿಲ್ಲ. ಪುಸ್ತಕದ ದೋಷ ಇದಲ್ಲ, ನಮ್ಮ ಓದಿನ ದೋಷ.

ಇನ್ನು ಗಿಜುಭಾಯಿ. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿದ ಅವರು 1930ರ ದಶಕದ ಆರಂಭದಲ್ಲಿ ‘ದಿವಾಸ್ವಪ್ನ’ವನ್ನು ಬರೆದರು. ಲಕ್ಷ್ಮೀರಾಮ ಎಂಬ ಕಾಲ್ಪನಿಕ ಶಿಕ್ಷಕ ನಾಲ್ಕನೇ ತರಗತಿಯನ್ನು ಪ್ರಯೋಗಕ್ಕೆ ಪಡೆಯುತ್ತಾನೆ. ಮೊದಲ ದಿನವೇ ‘ಮೌನದ ಆಟ’ ಆಡಿಸಲು ಹೋಗಿ ಸೋಲುತ್ತಾನೆ. ಮರುದಿನ ಕಥೆ ಹೇಳಲು ಕೂರುತ್ತಾನೆ, ಗೆಲ್ಲುತ್ತಾನೆ. ಸೋಲನ್ನು ಮುಚ್ಚಿಡದ ಆ ಪ್ರಾಮಾಣಿಕತೆಯೇ ಕೃತಿಯ ಶಕ್ತಿ. ಆದರೆ ಇಲ್ಲಿ ಮನೆ ಬಹುಮಟ್ಟಿಗೆ ತೊಡಕಾಗಿ ಬರುತ್ತದೆ. ಉಗುರು ಕತ್ತರಿಸದ, ಬಟ್ಟೆ ಒಗೆಯದ, ಆಟಕ್ಕೆ ಅಡ್ಡಿಪಡಿಸುವ, ಸಭೆಗೆ ಕರೆದರೂ ಬಾರದ ಮನೆ. ಹೆತ್ತವರನ್ನು ತಿದ್ದಬೇಕು ಎಂಬುದು ಲಕ್ಷ್ಮೀರಾಮನ ನಿಲುವು. ಅವರ ಬಳಿ ಮಗುವಿಗೆ ಕೊಡಬಹುದಾದ ಏನೋ ಇದೆ ಎಂದು ಅವನಿಗೆ ಹೊಳೆಯುವುದು ಕಡಿಮೆ. ಗಿಜುಭಾಯಿ ಹೆತ್ತವರಿಗಾಗಿಯೇ ಪುಸ್ತಕಗಳನ್ನು ಬರೆದರು, ತಾಯ್ತಂದೆಯಾಗುವುದು ಕಷ್ಟ ಎಂದು ಒಪ್ಪಿಕೊಂಡರು. ಆ ಸಹಾನುಭೂತಿಯನ್ನು ಮರೆಯಬಾರದು. ಆದರೂ ಅಲ್ಲಿ ಹೆತ್ತವರು ಕಲಿಯಬೇಕಾದವರೇ ವಿನಾ ಕಲಿಸುವವರಲ್ಲ.

ಅರಸೀಕೆರೆ ಸೀಮೆಯ ತೆಂಗಿನ ಅಟ್ಟವನ್ನು ನೋಡಿ. ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಹಾಕಿ ಹತ್ತು-ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಎಂದು ತಿಳಿಯುವುದು ಅಲ್ಲಾಡಿಸಿ ಕೇಳುವುದರಿಂದ. ನೀರಿನ ಸದ್ದು ಬೇರೆ, ಚಿಪ್ಪಿನಿಂದ ಬಿಟ್ಟ ಕೊಬ್ಬರಿಯ ಸದ್ದು ಬೇರೆ. ಅಕ್ಷರ ಬಾರದ ಅಜ್ಜಿ ಐದು ವರ್ಷದ ಮೊಮ್ಮಗುವಿಗೆ ಇದನ್ನು ಕಲಿಸುತ್ತಾಳೆ. ಕಾಯಿಯ ಮೂರು ಕಣ್ಣುಗಳಲ್ಲಿ ಯಾವುದು ಮೆತ್ತಗಿದೆ, ಮೊಳಕೆ ಯಾವುದರಿಂದ ಬರುತ್ತದೆ ಎಂದು ಬೆರಳಿಟ್ಟು ತೋರಿಸುತ್ತಾಳೆ. ಗಮನಿಸುವುದು, ಹೋಲಿಸುವುದು, ಊಹಿಸುವುದು, ಒಡೆದು ಪರೀಕ್ಷಿಸುವುದು, ಇದಲ್ಲದೆ ವಿಜ್ಞಾನದ ವಿಧಾನ ಬೇರೆ ಏನು? ಲಕ್ಷ್ಮೀರಾಮ ಈ ಅಜ್ಜಿಯ ಮನೆಗೆ ಬಂದಿದ್ದರೆ ಅವಳ ಉಗುರನ್ನು ನೋಡುತ್ತಿದ್ದನೋ ಕಿವಿಯನ್ನೋ?

ಮುಸ್ಲಿಂ ಮನೆಗಳಲ್ಲಿ ಇಂತಹ ಪಾಠಗಳಿಗೆ ಬರವಿಲ್ಲ. ರಮಝಾನಿನ ಚಂದ್ರದರ್ಶನಕ್ಕೆ ಮಾಳಿಗೆ ಹತ್ತುವ ಮಗು ಖಗೋಳದ ಮೊದಲ ಪಾಠ ಕಲಿಯುತ್ತದೆ. ಚಾಂದ್ರಮಾನ ವರ್ಷ 354 ಅಥವಾ 355 ದಿನ. ಹಾಗಾಗಿ ಉಪವಾಸ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಒಂದು ವರ್ಷ ಮಾವಿನ ಕಾಲದಲ್ಲಿ ಬಂದದ್ದು ಕೆಲವು ವರ್ಷಗಳ ನಂತರ ಅವರೆಕಾಯಿ ಕಾಲದಲ್ಲಿ ಏಕೆ ಬರುತ್ತದೆ ಎಂದು ಕೇಳುವ ಮಗುವಿಗೆ ಕ್ಯಾಲೆಂಡರ್ ತೆಗೆದು ಎಣಿಸಿ ತೋರಿಸುವ ತಾಳ್ಮೆ ಬೇಕು, ಅಷ್ಟೆ. ಝಕಾತ್ ಎಂದರೆ ನಲವತ್ತರಲ್ಲಿ ಒಂದು ಭಾಗ. ನಲವತ್ತು ಕಡಲೆಕಾಳು ಹರಡಿ ಒಂದನ್ನು ಪಕ್ಕಕ್ಕೆ ಇಟ್ಟರೆ ಎರಡೂವರೆ ಶೇಕಡಾ ಎಂಬುದು ಅಂಗೈಯಲ್ಲಿ ಕಾಣುತ್ತದೆ. ಪೆರ್ನಾಳಿಗೆ ಮುನ್ನ ಮನೆಯ ಪ್ರತಿಯೊಬ್ಬರ ಹೆಸರಲ್ಲೂ, ತೊಟ್ಟಿಲ ಕೂಸಿನ ಹೆಸರಲ್ಲೂ, ಫಿತ್ರ್ ಧಾನ್ಯ ಅಳೆಯುವಾಗ ಗುಣಾಕಾರವೂ ಬರುತ್ತದೆ, ಬಡವರ ಹಕ್ಕು ಎಂಬ ಅರಿವೂ ಬರುತ್ತದೆ. ಮನೆಯಲ್ಲಿ ದಖನಿ, ಮಕ್ತಬಿನಲ್ಲಿ ಅರಬಿ, ಶಾಲೆಯಲ್ಲಿ ಕನ್ನಡ. ಬಲದಿಂದ ಎಡಕ್ಕೆ ಒಂದು ಲಿಪಿ, ಎಡದಿಂದ ಬಲಕ್ಕೆ ಇನ್ನೊಂದು. ಇದನ್ನು ನಾವು ಹೊರೆ ಎಂದು ಗೊಣಗುತ್ತೇವೆ. ಸರಿಯಾಗಿ ಬಳಸಿಕೊಂಡರೆ ಆರು ವರ್ಷಕ್ಕೇ ಮಗು ಭಾಷಾವಿಜ್ಞಾನದ ಹೊಸ್ತಿಲಲ್ಲಿ ನಿಂತಿರುತ್ತದೆ.

ಮೂರನೆಯದು ವಾರ್ಧಾ ಯೋಜನೆ. 1937ರ ಅಕ್ಟೋಬರಿನಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು. ಪಠ್ಯಕ್ರಮ ರೂಪಿಸುವ ಹೊಣೆ ಜಾಮಿಯಾ ಮಿಲ್ಲಿಯಾದ ಝಾಕಿರ್ ಹುಸೈನರ ಹೆಗಲಿಗೆ ಬಿತ್ತು. ಮಾತೃಭಾಷೆಯಲ್ಲಿ ಏಳು ವರ್ಷಗಳ ಉಚಿತ ಕಡ್ಡಾಯ ಶಿಕ್ಷಣ, ಅದೂ ನೂಲುವುದು, ನೇಯುವುದು, ಮರಗೆಲಸ, ಬೇಸಾಯದಂತಹ ಒಂದು ಕಸುಬಿನ ಮೂಲಕ. ಮಕ್ಕಳು ತಯಾರಿಸಿದ ವಸ್ತುಗಳಿಂದಲೇ ಶಾಲೆಯ ಖರ್ಚು ನಡೆಯಬೇಕೆಂಬ ಅಂಶದ ಬಗ್ಗೆ, ಅದು ಅತಿಯಾದರೆ ಶಿಕ್ಷಕರು ಮಕ್ಕಳನ್ನು ದುಡಿಸುವ ದಣಿಗಳಾದಾರು ಎಂದು ಎಚ್ಚರಿಸಿದವರಲ್ಲಿ ಝಾಕಿರ್ ಹುಸೈನರೇ ಮುಂದಿದ್ದರು. ಮುಸ್ಲಿಂ ಲೀಗ್ ಈ ಯೋಜನೆಯನ್ನು ವಿರೋಧಿಸಿತು. ಅಂದಿನ ರಾಜಕೀಯದ ಗದ್ದಲದಲ್ಲಿ ಒಬ್ಬ ಮುಸ್ಲಿಂ ಶಿಕ್ಷಣತಜ್ಞ ಇಡೀ ದೇಶದ ಮಕ್ಕಳಿಗಾಗಿ ಮಾಡಿದ ಚಿಂತನೆ ನಮ್ಮವರಿಗೂ ಬೇಡವಾಯಿತು, ಇತರರಿಗೂ ಮರೆತುಹೋಯಿತು. ಮಕ್ಕಳಿಗಾಗಿ ಉರ್ದುವಿನಲ್ಲಿ ‘ಅಬ್ಬೂ ಖಾನ್ ಕೀ ಬಕ್ರೀ’ ಎಂಬ ಕಥೆ ಬರೆದವರೂ ಅವರೇ ಎಂಬುದು ಎಷ್ಟು ಮನೆಗಳಿಗೆ ಗೊತ್ತು?

ಕಸುಬಿನಿಂದ ಶಿಕ್ಷಣ ಎಂಬ ಮಾತನ್ನು ಬೇಲೂರಿನಲ್ಲಿ ನಿಂತು ಕೇಳಿದರೆ ಅದರ ಎರಡೂ ಮುಖ ಕಾಣುತ್ತವೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯದ ಮದನಿಕೆಗಳ ಕೆಳಗೆ ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ತಂದೆ ಮಗನಿಗೆ ಉಳಿ ಹಿಡಿಯಲು ಕಲಿಸಿದ. ಮಗ ತಂದೆಯ ಪಕ್ಕದಲ್ಲೇ ತನ್ನ ಹೆಸರು ಕೆತ್ತಿದ. ಮನೆಯ ಶಿಕ್ಷಣಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೆ? ಜಕಣಾಚಾರಿ-ಡಂಕಣರ ಐತಿಹ್ಯವೂ ತಂದೆ-ಮಗನ ಕಥೆಯೇ. ವಿಗ್ರಹಕ್ಕೆ ಗಂಧ ಲೇಪಿಸಿ, ಎಲ್ಲಿ ಒಣಗಲಿಲ್ಲವೋ ಅಲ್ಲಿ ಕಲ್ಲಿನ ದೋಷವಿದೆ ಎಂದು ಹುಡುಗ ತೋರಿಸಿಕೊಟ್ಟನಂತೆ. ಚರಿತ್ರೆಯೋ ಅಲ್ಲವೋ, ಹಿರಿಯರ ಮಾತನ್ನು ಪ್ರಯೋಗದಿಂದ ಪರೀಕ್ಷಿಸಿದ ಮಗುವಿನ ಕಥೆಯನ್ನು ಈ ಸೀಮೆ ಜೋಪಾನವಾಗಿ ಉಳಿಸಿಕೊಂಡಿದೆ.

ಆದರೆ ಇನ್ನೊಂದು ಮುಖವೂ ಇದೆ. ಮದನಿಕೆಗಳ ಕೆಳಗೆ ತಂದೆ-ಮಗನ ಹೆಸರಿದೆ, ಮಗಳ ಹೆಸರಿಲ್ಲ. ಹೆಣ್ಣಿನ ರೂಪಗಳೇ ತುಂಬಿದ ಗೋಡೆಯಲ್ಲಿ ಹೆಣ್ಣು ಕೆತ್ತಿದ್ದು ಎಂದು ಹೇಳುವ ಸಾಲಿಲ್ಲ. ಮನೆಯಲ್ಲಿ ಕಲಿಯುವ ಕಸುಬು ನಮ್ಮ ನಾಡಿನಲ್ಲಿ ಜಾತಿಯೂ ಆಗಿತ್ತು. ಕಮ್ಮಾರನ ಮಗ ಕಮ್ಮಾರ, ಪಿಂಜಾರನ ಮಗ ಪಿಂಜಾರ, ಕಟುಕನ ಮಗ ಕಟುಕ. ಇಂದಿಗೂ ‘ಮನೆಗೆಲಸದಿಂದ ಕಲಿಕೆ’ ಎಂದಾಗ ಹುಡುಗಿಗೆ ರೊಟ್ಟಿ ಲಟ್ಟಿಸುವುದು, ಹುಡುಗನಿಗೆ ಅಂಗಡಿಯ ಲೆಕ್ಕ. ಕೈಯ ಕಲಿಕೆಯನ್ನು ಹೊಗಳುವವರು ಈ ಬೇಲಿಯನ್ನು ಕಾಣದೆ ಹೊಗಳಿದರೆ ಅದು ಹಳೆಯ ಅಸಮಾನತೆಗೆ ಹೊಸ ಸುಣ್ಣ ಬಳಿದಂತೆ. ಮನೆಯ ಪಾಠ ಪಾಠವಾಗುವುದು ಹುಡುಗನೂ ಅಕ್ಕಿ ತೊಳೆದಾಗ, ಹುಡುಗಿಯೂ ಫ್ಯೂಸ್ ಕಟ್ಟಿದಾಗ. ವಾರ್ಧಾ ಯೋಜನೆಯ ಹಿರಿಮೆ ಇರುವುದು ಇಲ್ಲೇ. ಕಸುಬನ್ನು ಜಾತಿಯ ಮನೆಯಿಂದ ಎತ್ತಿ ಎಲ್ಲ ಮಕ್ಕಳ ಕೈಗೆ ಕೊಡಲು ಅದು ಹೊರಟಿತು.

ಈ ಸೀಮೆಯ ಕಲ್ಲಿನ ಬಗ್ಗೆಯೂ ಒಂದು ಮಾತು. ಹೊಯ್ಸಳರ ಶಿಲ್ಪಿಗಳು ಬಳಸಿದ ಮೃದು ಶಿಲೆಗೆ ಜನ ಇಟ್ಟ ಹೆಸರು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು. ಮಗು ಸ್ಲೇಟಿನ ಮೇಲೆ ‘ಅ’ ತೀಡಿದ ಬಳಪದ ಹೆಸರೇ ಹಳೇಬೀಡಿನ ಗೋಡೆಗೂ ಇದೆ. ಈ ಸಂಗತಿಯನ್ನು ಪ್ರವಾಸಕ್ಕೆ ಬಂದ ಮಕ್ಕಳಲ್ಲಿ ಎಷ್ಟು ಜನರಿಗೆ ಯಾರಾದರೂ ಹೇಳುತ್ತಾರೆ? ಬಸ್ಸಿನಿಂದ ಇಳಿದು, ಸಾಲಿನಲ್ಲಿ ಸುತ್ತಿ, ಗ್ರೂಪ್ ಫೋಟೋ ತೆಗೆಸಿಕೊಂಡು, ಮತ್ತೆ ಬಸ್ಸು ಹತ್ತುವುದರಲ್ಲಿ ಪ್ರವಾಸ ಮುಗಿಯುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಬಸ್ಸುಗಳು ಬಂದಿರಬಹುದು, ಪಾಠ ಬಂದಿಲ್ಲ.

ಪಾಠ ಬೇಕಾದರೆ ಒಂದು ಚೌಕ ರಟ್ಟು, ಒಂದು ಗುಂಡುಸೂಜಿ ಸಾಕು. ಅರಸೀಕೆರೆಯಲ್ಲಿ 1220ರ ಈಶ್ವರ ದೇವಾಲಯವಿದೆ. ಅದರ ಮಂಟಪ 16 ಮೊನೆಗಳ ನಕ್ಷತ್ರದಂತಿದೆ. ಚೌಕ ರಟ್ಟಿನ ನಡುವೆ ಸೂಜಿ ಚುಚ್ಚಿ, ಹಾಳೆಯ ಮೇಲೆ ಅದರ ಅಂಚನ್ನು ಗೀಚಿ. ಸ್ವಲ್ಪ ತಿರುಗಿಸಿ ಮತ್ತೆ ಗೀಚಿ. ಸಮ ಅಂತರದಲ್ಲಿ ನಾಲ್ಕು ಸಲ ಗೀಚಿದರೆ ನಾಲ್ಕು ನಾಲ್ಕಲ 16 ಮೊನೆಗಳ ನಕ್ಷತ್ರ ಮೂಡುತ್ತದೆ. ಎರಡೇ ಸಲ ಗೀಚಿದರೆ ಎಂಟು ಮೊನೆಯ ನಕ್ಷತ್ರ. ಕುರ್‌ಆನ್ ಪ್ರತಿಗಳಲ್ಲಿ ಭಾಗಗಳನ್ನು ಗುರುತಿಸಲು ಹಾಕುವ ಚಿಹ್ನೆ ಇದೇ ಆಕಾರದ್ದು. ಮಸೀದಿಗಳ ಜಾಲಂಧ್ರಗಳಲ್ಲಿ ಕಾಣುವ ವಿನ್ಯಾಸಗಳ ಬೇರೂ ಇದೇ. ಹೊಯ್ಸಳರ ಸ್ಥಪತಿಯೂ ಮಸೀದಿಯ ಕುಶಲಕರ್ಮಿಯೂ ಒಂದೇ ಚೌಕವನ್ನು ತಿರುಗಿಸಿದರು ಎಂದು ಮಗುವಿಗೆ ಭಾಷಣ ಮಾಡಬೇಕಿಲ್ಲ. ಅದರ ಕೈಯೇ ಅದಕ್ಕೆ ಹೇಳುತ್ತದೆ.

ಇಲ್ಲಿಂದ ಮುಂದಿನ ಮಾತು ಸ್ವಲ್ಪ ಕಷ್ಟದ್ದು. ಮನೆಯಲ್ಲಿ ಮಗು ಕಲಿಯುವುದು ನಾವು ಕಲಿಸಿದ್ದನ್ನು ಮಾತ್ರವಲ್ಲ. ಹಳೇಬೀಡಿನಲ್ಲಿ ಗೈಡ್ ಮಾತಾಡುವಾಗ ಮಲಿಕ್ ಕಾಫೂರನ ಹೆಸರು ಬರುತ್ತದೆ. ಗುಂಪಿನಲ್ಲಿ ಒಬ್ಬ ಮುಸ್ಲಿಂ ಹುಡುಗನಿದ್ದರೆ ಕೆಲವು ಕಣ್ಣುಗಳು ಅವನತ್ತ ತಿರುಗುತ್ತವೆ. 1311ರಲ್ಲಿ ದಿಲ್ಲಿಯ ಸೈನ್ಯ ದೋರಸಮುದ್ರದ ಮೇಲೆ ದಾಳಿ ಮಾಡಿದ್ದು, ಮೂರನೇ ಬಲ್ಲಾಳ ಕಪ್ಪ ಕೊಟ್ಟು ಸಂಧಿ ಮಾಡಿಕೊಂಡದ್ದು ಚರಿತ್ರೆ. ಅದನ್ನು ಅಲ್ಲಗಳೆಯುವುದೂ ಬೇಡ, ಏಳು ಶತಮಾನದ ಹಿಂದಿನ ಸೇನಾಪತಿಯ ಲೆಕ್ಕವನ್ನು ಒಂಬತ್ತು ವರ್ಷದ ಹುಡುಗ ತೀರಿಸುವುದೂ ಬೇಡ. ರಾಜರು ಸಂಪತ್ತಿಗಾಗಿ ರಾಜ್ಯಗಳನ್ನು ದೋಚಿದರು, ದೋಚಿದವರಲ್ಲಿ ಎಲ್ಲ ಧರ್ಮದವರೂ ಇದ್ದರು ಎಂಬುದನ್ನು ಸರಳವಾಗಿ ಹೇಳಬಹುದು. ಈ ಮಾತನ್ನು ಮನೆಯಲ್ಲಿ ಹೇಳದಿದ್ದರೆ ಬೀದಿ ಬೇರೆ ರೀತಿಯಲ್ಲಿ ಹೇಳುತ್ತದೆ, ಮೊಬೈಲ್ ಇನ್ನೂ ಬೇರೆ ರೀತಿಯಲ್ಲಿ. ಈ ಕೆಲಸ ಮುಸ್ಲಿಂ ಮನೆಯದು ಮಾತ್ರವಲ್ಲ. ಗುಂಪಿನಲ್ಲಿ ಕಣ್ಣು ತಿರುಗಿಸಿದ ಹುಡುಗನ ಮನೆಯದೂ ಹೌದು.

ಬೇಲೂರಿನ ರಥೋತ್ಸವದ ದಿನ ದೊಡ್ಡಮೇದೂರಿನ ಖಾಜಿ ಕುರ್‌ಆನ್ ಪಠಿಸುವ ರೂಢಿ ಬಹುಕಾಲದಿಂದ ನಡೆದುಬಂದಿದೆ. 2022ರಲ್ಲಿ ಅದನ್ನು ನಿಲ್ಲಿಸಬೇಕೆಂಬ ಒತ್ತಾಯ ಬಂದರೂ ಆ ವರ್ಷ ಪಠಣ ನಡೆಯಿತು. ತೇರು ನೋಡಲು ತಂದೆಯ ಹೆಗಲೇರಿ ಬಂದ ಮಗು ಆ ಪಠಣವನ್ನು ಕೇಳಿದ್ದರೆ ಸಹಬಾಳ್ವೆ ಎಂಬ ಪದದ ಅಗತ್ಯವೇ ಅದಕ್ಕಿಲ್ಲ. ಆದರೆ ಅದೇ ರಾತ್ರಿ ಊಟದ ಹೊತ್ತಿಗೆ ಹಿರಿಯರು ‘ಅವರ’ ಬಗ್ಗೆ ಆಡುವ ಒಂದು ಕುಹಕದ ಮಾತು ಆ ಪಾಠವನ್ನು ಒರೆಸಿಹಾಕಬಲ್ಲದು. ಮನೆ ಮೊದಲ ಶಾಲೆ ಎನ್ನುವವರು ಈ ಭಾರವನ್ನೂ ಹೊರಬೇಕು. ನಮ್ಮ ಮೂರು ಪುಸ್ತಕಗಳೂ ಮಗುವನ್ನು ಪಾಠದ ಜುಲುಮೆಯಿಂದ ಬಿಡಿಸಲು ಯೋಚಿಸಿದವು. ಮನೆಯೊಳಗಿನ ದ್ವೇಷದಿಂದ ಅದನ್ನು ಹೇಗೆ ಕಾಯುವುದೆಂದು ಹೇಳುವ ಪುಸ್ತಕ ಇನ್ನೂ ಬರಬೇಕಿದೆ.

ಇಷ್ಟು ಹೇಳಿದ ಮೇಲೆ ಇಂದಿನ ಮಾರುಕಟ್ಟೆಯ ಬಗ್ಗೆಯೂ ಹೇಳಲೇಬೇಕು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂದಿತು. ಅದಕ್ಕೂ ಹತ್ತು ವರ್ಷ ಮೊದಲೇ, 1995ರಲ್ಲಿ, ಹೆಗ್ಗಡದೇವನಕೋಟೆಯಲ್ಲಿ ‘ನಲಿ-ಕಲಿ’ ಶುರುವಾಗಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆಟ, ಚಟುವಟಿಕೆಗಳನ್ನು ಒತ್ತಿ ಹೇಳಿತು. ಆಶಯ ಒಳ್ಳೆಯದೇ. ಆದರೆ ಮನೆಗೆ ತಲುಪುವಾಗ ಅದು ‘ಪ್ರಾಜೆಕ್ಟ್’ ಆಯಿತು. ಬೇಲೂರಿನ ಮಗುವೇ ಬೇಲೂರು ದೇವಾಲಯದ ಥರ್ಮೊಕೋಲ್ ಮಾದರಿಯನ್ನು ಸ್ಟೇಷನರಿ ಅಂಗಡಿಯಿಂದ ಕೊಂಡು ಒಯ್ಯುವ ಸ್ಥಿತಿ ಬಂತು. ರಾತ್ರಿ ಹನ್ನೊಂದರವರೆಗೆ ಕೂತು ಅಂಟು ಹಚ್ಚುವವಳು ತಾಯಿ, ಅಂಕ ಮಗುವಿಗೆ. ಚಟುವಟಿಕೆ ಪೆಟ್ಟಿಗೆಗಳು ಸಾವಿರಾರು ರೂಪಾಯಿಗೆ ಮಾರಾಟಕ್ಕಿವೆ. ಅವುಗಳಲ್ಲಿ ಬಣ್ಣದ ಪ್ಲಾಸ್ಟಿಕ್ ಕಾಳುಗಳಿರುತ್ತವೆ. ಅಡುಗೆಮನೆಯ ಡಬ್ಬಿಯಲ್ಲಿ ನಿಜವಾದ ಕಾಳುಗಳು ಕೂತಿರುತ್ತವೆ. ಕೊಳ್ಳಲಾಗದ ತಾಯಿಗೆ ತನ್ನ ಮಗು ಹಿಂದೆ ಬಿತ್ತು ಎಂಬ ಕೊರಗು. ಈ ಕೊರಗೇ ಆ ವ್ಯಾಪಾರದ ಬಂಡವಾಳ.

ಹಾಗೆಂದು ಮನೆಯನ್ನೇ ಇನ್ನೊಂದು ಟ್ಯೂಷನ್ ಮಾಡುವುದೂ ಸಲ್ಲ. ಮಗುವನ್ನು ಆಟದಿಂದ ತಡೆದು ಸದಾ ಪಾಠಕ್ಕೆ ಕೂರಿಸಿದರೆ ಅದರ ಮನಸ್ಸು ಸಾಯುತ್ತದೆ, ಬುದ್ಧಿ ಮೊಂಡಾಗುತ್ತದೆ ಎಂಬ ಅರ್ಥದ ಮಾತನ್ನು ಇಮಾಂ ಗಝಾಲಿ ಒಂಬೈನೂರು ವರ್ಷಗಳ ಹಿಂದೆಯೇ ಬರೆದರು. ಕಲಿಸುವವರ ಕಾಠಿಣ್ಯ ಮಗುವನ್ನು ಸುಳ್ಳು, ಸೋಗುಗಳಿಗೆ ದೂಡುತ್ತದೆ ಎಂದು 14ನೇ ಶತಮಾನದಲ್ಲಿ ಇಬ್ನ್ ಖಲ್ದೂನ್ ಎಚ್ಚರಿಸಿದರು. ತೊತ್ತೋಚಾನಳ ಹರಿದ ಬಟ್ಟೆಯ ಸುಳ್ಳಿಗೆ ತಾಯಿ ಗದರಲಿಲ್ಲವಲ್ಲ, ಆ ವಿವೇಕ ನಮ್ಮ ಪರಂಪರೆಗೆ ಹೊರಗಿನದಲ್ಲ. ಬೆತ್ತವನ್ನು ಧರ್ಮದ ಹೆಸರಲ್ಲಿ ಸಮರ್ಥಿಸುವವರು ಈ ಇಬ್ಬರನ್ನು ಓದಬೇಕು.

ಇನ್ನೊಂದು ಎಚ್ಚರ. ಮನೆಯ ಕಲಿಕೆಯನ್ನು ಎತ್ತಿ ಹಿಡಿಯುವುದೆಂದರೆ ಶಾಲೆಯನ್ನು ಬಿಡಿಸುವುದಲ್ಲ. 2022ರ ಫೆಬ್ರವರಿಯ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟ್ ನೀಡಿದ ಭಿನ್ನ ತೀರ್ಪು, ಇವುಗಳ ನಡುವೆ ಹಿಜಾಬ್ ಧರಿಸುವ ಎಷ್ಟೋ ಹೆಣ್ಣುಮಕ್ಕಳು ತರಗತಿಯ ಹೊರಗೆ ಉಳಿದರು. ಆಗ ‘ಮನೆಯಲ್ಲೇ ಓದಲಿ ಬಿಡಿ’ ಎಂಬ ಮಾತು ಎರಡು ಕಡೆಯಿಂದ ಬಂತು. ಅವರನ್ನು ಹೊರಗಿಡಲು ಬಯಸಿದವರಿಂದಲೂ, ಒಳಗಿಡಲು ಬಯಸಿದ ನಮ್ಮವರಿಂದಲೂ. ಮನೆ ಶಾಲೆಗೆ ಪೂರಕವಾದಾಗ ಮಗುವಿಗೆ ಎರಡು ಬಾಗಿಲು. ಶಾಲೆಗೆ ಬದಲಿಯಾದಾಗ ಒಂದೇ ಬಾಗಿಲು, ಅದೂ ಒಳಗಿನಿಂದ ಚಿಲಕ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರವರೆಗಿನ ಪ್ರತಿ ಮಗುವಿಗೂ ಶಾಲೆಯನ್ನು ಹಕ್ಕಾಗಿ ಕೊಟ್ಟಿದೆ. ಮನೆಯ ಅಕ್ಕರೆಯ ಹೆಸರಲ್ಲಿ ಆ ಹಕ್ಕನ್ನು ಯಾರೂ ಕಸಿಯಬಾರದು.

ಹಾಗಾದರೆ ಈ ಮೂರು ಕೃತಿಗಳನ್ನು ಬದಿಗಿಡಬೇಕೆ? ಖಂಡಿತ ಇಲ್ಲ. ‘ತೊತ್ತೋಚಾನ್’ ಕೇಳುವುದನ್ನು ಕಲಿಸುತ್ತದೆ, ‘ದಿವಾಸ್ವಪ್ನ’ ಸೋತು ಮತ್ತೆ ತೊಡಗುವುದನ್ನು, ವಾರ್ಧಾ ಯೋಜನೆ ಕೈಯ ದುಡಿಮೆಗೆ ಗೌರವವನ್ನು. ಪುತ್ತೂರಿನ ಬಾಲವನದಲ್ಲಿ ಮಕ್ಕಳೊಂದಿಗೆ ಪ್ರಯೋಗ ನಡೆಸಿದ, 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಒಬ್ಬರೇ ಬರೆದ ಶಿವರಾಮ ಕಾರಂತರೂ ನಮ್ಮ ಪಕ್ಕದಲ್ಲೇ ಇದ್ದಾರೆ. ಆದರೆ ಇವರೆಲ್ಲರ ಜೊತೆ ಇಡಬಹುದಾದ ಇನ್ನೊಂದು ಪುಸ್ತಕ ಕನ್ನಡದಲ್ಲಿ ಬರಬೇಕು. ಅದರಲ್ಲಿ ಅರಸೀಕೆರೆಯ ಅಜ್ಜಿಯ ಕೊಬ್ಬರಿಯ ಸದ್ದು ಇರಬೇಕು, ಮಾಳಿಗೆಯ ಮೇಲಿನ ಚಂದ್ರ ಇರಬೇಕು, ಚೌಕ ರಟ್ಟಿನ ನಕ್ಷತ್ರ ಇರಬೇಕು, ಮಲಿಕ್ ಕಾಫೂರನ ಬಗ್ಗೆ ಮಗು ಕೇಳುವ ಪ್ರಶ್ನೆಗೆ ಸುಳ್ಳಿಲ್ಲದ ಉತ್ತರವಿರಬೇಕು. ಅದನ್ನು ಬರೆಯಬೇಕಾದವರು ಶಿಕ್ಷಣತಜ್ಞರಲ್ಲ, ಈ ಪಾಠಗಳನ್ನು ದಿನವೂ ಮಾಡುತ್ತಿರುವ ತಾಯಂದಿರು, ಅಜ್ಜಿಯರು. ಬರೆಯಲು ಬಾರದವರದನ್ನು ಮೊಮ್ಮಕ್ಕಳು ಕೇಳಿ ಬರೆದುಕೊಳ್ಳಲಿ. ಈ ರಜೆಯಲ್ಲಿ ಮಕ್ಕಳಿಗೆ ಕೊಡಬಹುದಾದ ಪ್ರಾಜೆಕ್ಟ್ ಅದೇ ಆಗಲಿ. ಅದಕ್ಕೆ ಥರ್ಮೊಕೋಲ್ ಬೇಕಾಗಿಲ್ಲ.